ಹಂಡೆಯೊಲೆಯ ಮೇಲಿನ ಮರ

ಗಿರಿಜಕ್ಕ, ನಿಮ್ಮ ಬಚ್ಚಲುಮನೆ ಸುಟ್ಟದ್ದು ನಿಮ್ಮ ಮರೆವಿನಿಂದ ಅಲ್ಲ. ಒಲೆಯ ಮೇಲಿನ ಗೋಡೆಯೊಳಗೆ ನಾನು ಬಿಟ್ಟ ಮರದಿಂದ. ಎಂಟು ವರ್ಷ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹಂಡೆಯೊಲೆಯ ಸುತ್ತ ಹೊಸ ಕಲ್ಲು ಕೂರಿಸುವ ಕೆಲಸವನ್ನು ನಿಮ್ಮ ತಮ್ಮ ಸುರೇಶಣ್ಣ ನನಗೆ ವಹಿಸಿದ್ದರು. ಒಲೆಬಾಯಿಯ ಮೇಲೆ ಗೋಡೆಯ ಭಾರ ಹೊತ್ತ ಹಲಸಿನ ಪಟ್ಟಿಯೊಂದಿತ್ತು. ಅದನ್ನು ತೆಗೆದು ಕರಿಕಲ್ಲಿನ ಪಟ್ಟಿ ಇಡಬೇಕು, ಬೆಂಕಿಯ ಹತ್ತಿರ ಮರ ಬೇಡವೇ ಬೇಡ ಎಂದು ಹೇಳಿ, ಕಲ್ಲನ್ನೂ ಇಳಿಸಿಕೊಟ್ಟು ಅವರು ಮುಂಬೈಯ ಹೋಟೆಲ್ ಕೆಲಸಕ್ಕೆ ಹೋದರು. ಮರ ತೆಗೆಯಬೇಕಾದರೆ ಗೋಡೆ ಕುಸಿಯದಂತೆ ಆನಿಕೆ ಕೊಡಬೇಕು — ಎರಡು ದಿನದ ಕೆಲಸ. ಮರುದಿನ ಸಂಜೆಯೇ ದೀಪಾವಳಿಯ ನೀರು ತುಂಬುವ ಹಬ್ಬ. ನೀವು ಹಂಡೆ ಬೆಳಗಿ, ಅದರ ಕೊರಳಿಗೆ ಸುತ್ತಲು ಹಿಂಡ್ಲೆಕಾಯಿ ಬಳ್ಳಿ ತಂದು ಕಾಯುತ್ತಿದ್ದಿರಿ.

ನಾನು ಆ ಮರಕ್ಕೆ ತಂತಿಯ ಕೋಳಿಬಲೆ ಹೊಡೆದು, ಸಿಮೆಂಟು ಮೆತ್ತಿ, ಮೇಲೆ ಕಲ್ಲಿನ ಬಿಲ್ಲೆ ಅಂಟಿಸಿದೆ. ಮರದ ಬದಲು ಇಡಬೇಕಿದ್ದ ಕರಿಕಲ್ಲಿನ ಪಟ್ಟಿಯನ್ನು ಬಚ್ಚಲಿನ ಮೂಲೆಯಲ್ಲಿ ಬೋರಲು ಹಾಸಿ ನೆಲ ಮುಗಿಸಿಬಿಟ್ಟೆ. ಬಿಲ್ಲೆಯ ಸಾಲು ಮಾತ್ರ ನೂಲು ಹಿಡಿದ ಹಾಗಿತ್ತು — ಅದನ್ನು ನೋಡಿ ನಾನೇ ಬೀಗಿದ್ದೆ, ನಾಚಿಕೆಗೆಟ್ಟವನು.

"ಮರ ತೆಗ್ದ್ಯಾ, ಶೀನ?" ಎಂದು ನೀವು ಕೇಳಿದಿರಿ.

"ತೆಗ್ದೆ ಅಕ್ಕ" ಎಂದೆ.

ದಿನಾ ಬೆಂಕಿ ಹಾಕಿ ಹಾಕಿ ಒಳಗಿನ ಮರ ಸದ್ದಿಲ್ಲದೆ ಬೇಯುತ್ತಲೇ ಇತ್ತು. ನಾಲ್ಕನೆಯ ತಿಂಗಳು, ನೀವು ಪೇಟೆಗೆ ಹೋಗಿದ್ದ ಮಧ್ಯಾಹ್ನ, ಅದು ಹೊತ್ತಿ ಮೇಲಿನ ಸೌದೆ ಅಟ್ಟ, ಮಾಡು ಎಲ್ಲ ಹಿಡಿಯಿತು. ಜೀವಕ್ಕೇನೂ ಆಗಲಿಲ್ಲ, ಪುಣ್ಯ. ಬೆಂಕಿ ಆರಿದ ಮೇಲೆ ಒಳಗೆ ಮೊದಲು ಕಾಲಿಟ್ಟವನು ನಾನು. ಒಲೆಬಾಯಿಗೆ ನೀವು ಒರಗಿಸಿದ ತಗಡು ಒರಗಿಸಿದ ಹಾಗೇ ಇತ್ತು. ಒಳಗೆ ಒಂದು ಚೂರು ಸೌದೆಯೂ ಇರಲಿಲ್ಲ. ಕೆಂಡವನ್ನೆಲ್ಲ ನೀವು ಎಳೆದು ಆರಿಸಿಯೇ ಹೋಗಿದ್ದಿರಿ. ಮೇಲೆ ಮಾತ್ರ ಆ ಮರ — ಇದ್ದಿಲು.

ನಾನು ತಗಡನ್ನು ಪಕ್ಕಕ್ಕೆ ಸರಿಸಿದೆ. ಇದ್ದಿಲನ್ನು ಬುಟ್ಟಿಗೆ ತುಂಬಿ ತೆಂಗಿನ ಬುಡಕ್ಕೆ ಸುರಿದೆ. ಆಗ ರಜೆಗೆಂದು ಊರಿಗೆ ಬಂದಿದ್ದ ಸುರೇಶಣ್ಣ ಬಂದು ಎಂತ ಆದ್ದು ಎಂದಾಗ ಹೇಳಿದೆ:

"ಅಕ್ಕ ಒಲೆಬಾಯಂಗೇ ಮಡ್ಲ್ ಬಿಟ್ ಹೋಯಿರ್ ಕಾಣತ್."

ನೀವು ವಾದಿಸಲಿಲ್ಲ. ಇರಬಹುದು, ಉರಿಯುವ ತೆಂಗಿನ ಮಡಲನ್ನು ಒಲೆಯಲ್ಲೇ ಮರೆತಿರಬಹುದು ಎಂದಿರಿ. ಬೈದಿದ್ದರೆ, ಆಣೆ ಹಾಕು ಎಂದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ — ಇಲ್ಲ, ಅದೂ ಸುಳ್ಳು.

ಹಂಡೆ ಹೋಗಿ ಗೀಸರ್ ಬಂತು. ನಿಮ್ಮನ್ನು ಯಾರೂ ಗದರಲಿಲ್ಲ; ನಂಬುವುದನ್ನು ಬಿಟ್ಟರು, ಅಷ್ಟೆ. ಹೋದ ವಾರ ಅಡುಗೆಮನೆಯ ಟೈಲ್ಸ್ ಕೆಲಸಕ್ಕೆ ನಿಮ್ಮಲ್ಲಿಗೆ ಬಂದಾಗ ನನಗೆ ಚಾ ಮಾಡಿಕೊಟ್ಟಿರಿ. ಆಮೇಲೆ ಮೂರು ಸಲ ಎದ್ದು ಹೋಗಿ ಗ್ಯಾಸಿನ ತಿರುಪು ಮುಟ್ಟಿ ನೋಡಿ ಬಂದಿರಿ. ಸುರೇಶಣ್ಣನ ಸೊಸೆ ಅಂಗಡಿಗೆ ಹೊರಟವಳು ಮಲಗಿದ್ದ ಮಗುವನ್ನು ನಿಮ್ಮ ಬಳಿ ಬಿಡದೆ ಎಬ್ಬಿಸಿ ಸೊಂಟಕ್ಕೆ ಹಾಕಿಕೊಂಡು ಹೋದಳು. ನೀವು ನನ್ನ ಕಡೆ ತಿರುಗಿ ನಕ್ಕಿರಿ.

"ನನ್ ತಲೆ ನನ್ಗೇ ನಂಬುಕೆ ಆತಿಲ್ಲೆ ಶೀನ, ಅವ್ರ್ ಎಂತ ಮಾಡುದ್?"

ಸುಟ್ಟ ಮಾಡಿಗೆ ಹೆಂಚು ತಂದು ಹೊದಿಸಿದೆವು. ನಿಮ್ಮ ತಲೆಯ ಮೇಲಿನ ನಿಮ್ಮ ನಂಬಿಕೆಯನ್ನು ಸುಟ್ಟವನು ನಾನು, ಅದಕ್ಕೆ ಯಾವ ಹೆಂಚು ತರಲಿ?

ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಬಚ್ಚಲಿನ ನೆಲ ಇನ್ನೂ ಅದೇ ಇದೆ, ಮೂಲೆಯಲ್ಲಿ ಆ ಕರಿಕಲ್ಲೂ ಇದೆ. ನಾಳೆ ಬೆಳಿಗ್ಗೆ ಹಾರೆ ಹಿಡಿದು ಬರುತ್ತೇನೆ. ಮನೆಯವರೆಲ್ಲರ ಎದುರು ಅದನ್ನು ಎತ್ತಿ ಮಗುಚಿ, ಇದು ಎಲ್ಲಿರಬೇಕಿತ್ತು ಎಂದು ನಾನೇ ಹೇಳುತ್ತೇನೆ. ನೀವೂ ಅಲ್ಲಿರಿ, ಗಿರಿಜಕ್ಕ. ಆ ಮಗುವನ್ನು ನೀವೇ ಎತ್ತಿಕೊಂಡು ನಿಲ್ಲಿ.