ಬೊಂಬೆಗೆ ಜೀವ ಬರಿಸುವ ಡಾಕ್ಟರಮ್ಮ

ಹುಣಸೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಒಂಬತ್ತು ವರ್ಷ ದುಡಿದ ಮೇಲೆ ನಾನು ಕೆಲಸ ಬಿಟ್ಟೆ. ನರ್ಸುಗಳಿಗೆ, ಆಂಬುಲೆನ್ಸಿನವರಿಗೆ ತುರ್ತು ಚಿಕಿತ್ಸೆ ಕಲಿಸುವ ಪುಟ್ಟ ಕಂಪನಿಯೊಂದನ್ನು ಕಟ್ಟಿದೆ. ಒಬ್ಬಳೇ ನೂರು ರೋಗಿಗಳನ್ನು ನೋಡುವುದಕ್ಕಿಂತ ನೂರು ಜನರಿಗೆ ಕಲಿಸುವುದು ಮೇಲು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. "ಡಾಕ್ಟ್ರಾಗಿದ್ದೋಳು ಮೇಷ್ಟ್ರಾದೆ, ಬುಡು" ಎಂದರು ಅತ್ತೆ. ಅದು ಬೈಗುಳವೋ ಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ದಿನ ಹಂಪಾಪುರದ ಸಮುದಾಯ ಭವನದಲ್ಲಿ ತರಗತಿ. ಬೆಳಿಗ್ಗೆ, ಎದೆಬಡಿತ ನಿಂತವರನ್ನು ಉಳಿಸಲೆಂದು, ಪ್ಲಾಸ್ಟಿಕ್ ಬೊಂಬೆಯ ಎದೆ ಒತ್ತುವುದನ್ನು ಕಲಿಸಿದ್ದೆ. ಅರ್ಧ ಊರು ಕಿಟಕಿಯಲ್ಲಿ ನಿಂತು ನೋಡಿತ್ತು. ಆಮೇಲೆ ಹಾವು ಕಡಿತದ ಪಾಠ. ಕಟ್ಟು ಹಾಕಬೇಡಿ, ಯಾರಾದರೂ ಬಿಗಿಯಾಗಿ ಕಟ್ಟಿಕೊಂಡೇ ಬಂದರೆ ಅವಸರದಲ್ಲಿ ಬಿಚ್ಚಬೇಡಿ, ತಡೆದಿದ್ದ ವಿಷ ಒಮ್ಮೆಲೇ ಏರೀತು, ಆಸ್ಪತ್ರೆಯಲ್ಲಿ ಮದ್ದು ಸಿದ್ಧವಾದ ಮೇಲೆ ಬಿಚ್ಚಲಿ ಎಂದು ಎರಡೆರಡು ಸಲ ಹೇಳಿದೆ.

ಊಟಕ್ಕೆ ಏಳುವಷ್ಟರಲ್ಲಿ ಬೈಕೊಂದು ಬಾಗಿಲಿಗೇ ಬಂದು ನಿಂತಿತು. ನಡುವೆ ಒಬ್ಬ ಹೆಂಗಸು, ಓಡಿಸುತ್ತಿದ್ದವನು ಅವಳ ಗಂಡ, ಹಿಂದೆ ಮೈದುನ. ಹೊಗೆಸೊಪ್ಪಿನ ಹೊಲದಲ್ಲಿ ನಾಗರ ಕಚ್ಚಿತ್ತಂತೆ. ಮೊಣಕಾಲಿನ ಕೆಳಗೆ ಸೀರೆಯಂಚು ಹರಿದು ಬಿಗಿದಿದ್ದರು. ರೆಪ್ಪೆಗಳು ಆಗಲೇ ಜೋಲುತ್ತಿದ್ದವು.

"ಕೋಟೆ ತಾಲ್ಲೂಕಾಸ್ಪತ್ರೆಗೆ ಹೊಂಟಿದ್ದೋ ಕಣವ್ವ" ಎಂದ ಗಂಡ. "ಬೊಂಬೆಗೇ ಜೀವ ಬರ್ಸೋ ಡಾಕ್ಟ್ರಮ್ಮ ಇಲ್ಲೇ ಅವ್ರೆ ಅಂದ್ರು. ಅದ್ಕೇ ಅರ್ಧ ದಾರಿಯಿಂದ ತಿರುಗ್ಸಿದೆ."

ಪಾಠದ ಸಾಮಾನಿನ ಪೆಟ್ಟಿಗೆ ತೆರೆದೆ. ಪೆಟ್ಟಿಗೆಯಲ್ಲಿ ರಬ್ಬರ್ ಕೈ ಇತ್ತು, ಚುಚ್ಚಿ ಕಲಿಯಲು ಸೂಜಿಗಳಿದ್ದವು, ವಿಷಕ್ಕೆ ಮದ್ದು ಇರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಬಗ್ಗಿ ಆ ಕಟ್ಟಿಗೇ ಕತ್ತರಿ ಹಾಕಲು ಹೋದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬೀಚನಹಳ್ಳಿಯಿಂದ ಕಲಿಯಲು ಬಂದಿದ್ದ ನರ್ಸೊಬ್ಬಳು ನನ್ನ ಕೈ ಹಿಡಿದುಕೊಂಡಳು.

"ಬ್ಯಾಡಿ ಮೇಡಂ. ಈಗ್ತಾನೆ ನೀವೇ ಹೇಳ್ಕೊಟ್ರಲ್ಲ."

ಪಾಠಕ್ಕೆಂದು ತರಿಸಿದ್ದ ಆಂಬುಲೆನ್ಸಿನಲ್ಲೇ ಕೋಟೆ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಹೆಂಗಸಿನ ಉಸಿರು ಕುಗ್ಗಿದಾಗ ಆ ನರ್ಸೇ ಗದ್ದ ಎತ್ತಿ ಹಿಡಿದು, ಗಾಳಿಚೀಲ ಒತ್ತಿ ಉಸಿರು ಕೊಟ್ಟಳು. ನಾನು ಆಸ್ಪತ್ರೆಗೆ ಫೋನು ಮಾಡಿ ಮದ್ದು ಸಿದ್ಧವಾಗಿಡಲು ಹೇಳಿ, ಆ ಹೆಂಗಸಿನ ಕಾಲ ಬಳಿ ಕೂತೆ. ಎಮರ್ಜೆನ್ಸಿಯ ಬಾಗಿಲಲ್ಲಿ ಆಯಾ "ಪೇಷಂಟ್ ಕಡೆಯೋರು ಈಚೆಗಿರಿ" ಎಂದು ನನ್ನನ್ನೂ ತಡೆದಳು. ನಾನು ಡಾಕ್ಟರು ಎನ್ನಲು ಬಾಯಿ ಬರಲಿಲ್ಲ. ಗಂಡನ ಪಕ್ಕದಲ್ಲಿ ನಿಂತುಕೊಂಡೆ.

ಹೆಂಗಸು ಬದುಕಿದಳು. ಕೈಮುಗಿದ ಗಂಡನ ಮುಖ ನೋಡಲು ನಾಚಿಕೆಯಾಯಿತು. ನನ್ನ ತರಗತಿಯಿಂದ ಅವಳು ಉಳಿದಳೋ, ನನ್ನ ತರಗತಿಯಿಂದಲೇ ಹೊತ್ತು ಕಳೆದು ಸಾಯುವ ಹಾಗಾಗಿದ್ದಳೋ?

ಪಿರಿಯಾಪಟ್ಟಣದ ಮುಂದಿನ ತರಗತಿಯ ಬಾಗಿಲಿಗೆ ತೂಗುಹಾಕಲು ಬೋರ್ಡೊಂದನ್ನು ಬರೆಸಲು ಹೋದೆ: 'ಇದು ಆಸ್ಪತ್ರೆಯಲ್ಲ. ಇಲ್ಲಿ ಔಷಧಿ ಸಿಗುವುದಿಲ್ಲ.' ಬರೆದು ಮುಗಿಸಿದ ಪೇಂಟರ್ ಕುಂಚ ಹಿಡಿದುಕೊಂಡೇ ಕೇಳಿದ.

"ಕೆಳಗೆ ನಿಮ್ಮೆಸ್ರು ಹಾಕ್ಬೇಕಲ್ವಾ ಮೇಡಂ. ಮುಂದ್ಗಡೆ ಡಾಕ್ಟ್ರು ಅಂತ ಬರೀಲಾ?"

ಬರಿ ಅಂದೆ. ಬೇಡ ಅಂದೆ. ಅವನು ಕುಂಚವನ್ನು ಡಬ್ಬಿಯಲ್ಲಿಟ್ಟು, ಟೀ ಕುಡಿದು ಬರುತ್ತೇನೆ, ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿರಿ ಎಂದು ಹೋದ.