ಕಪ್ಪೆಯ ಜೊತೆಗೊಂದು ಹಗ್ಗದ ತುಂಡು

ಬೆಳಗಿನ ಐದೂಕಾಲು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಚಂದ್ರಬಾಯಿ ಬಾಳೆಲೆಯ ಕಟ್ಟನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಬಿಚ್ಚುತ್ತಾರೆ. ಹರಿದ ಎಲೆ ಎಡಕ್ಕೆ, ಹೋಟೆಲಿಗೆ ಹೋಗುವ ಎಲೆ ಬಲಕ್ಕೆ. ಮೂರನೆಯ ಪದರದಲ್ಲಿ ಕೈ ನಿಲ್ಲುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಹಸಿರು ಮರಗಪ್ಪೆಯೊಂದು ಎಲೆಗಂಟಿ ಕೂತು ಪಿಳಿಪಿಳಿ ನೋಡುತ್ತಿದೆ.

“ಬೇಡೂಕ್‌ಬಾಯಿ, ಮತ್ತೊಬ್ಬ ನೆಂಟ ಬಂದನೇನು?” ಕಪ್ಪೆಯ ಮರಾಠಿ ಹೆಸರನ್ನೇ ಅವರಿಗಿಟ್ಟು ಕೆಣಕುತ್ತಾನೆ ಪಕ್ಕದ ಅಂಗಡಿಯ ಹಮಾಲ ಮಾಪಣ್ಣ.

“ನಿನಗಿಂತ ಚಲೋ ಅದಾನ. ಚಾ ಕೇಳಂಗಿಲ್ಲ.”

ಒದ್ದೆ ಬಟ್ಟೆ ಹಾಸಿದ, ತೂತು ಕೊರೆದ ಡಬ್ಬಿಗೆ ಕಪ್ಪೆ ಇಳಿಯುತ್ತದೆ. ಯಾದಗಿರಿ ಕಡೆಯ ಈ ಐವತ್ತರ ಹೆಂಗಸಿಗೆ ಓದುಬರಹವಿಲ್ಲ. ಹಾಗಾಗಿ ಚೀಟಿಯ ಬದಲು ಆ ಕಟ್ಟಿನ ಹಗ್ಗದ್ದೇ ಒಂದು ತುಂಡನ್ನು ಡಬ್ಬಿಯಲ್ಲಿಡುತ್ತಾರೆ. ಎಲೆ ಬಂದ ಊರು, ತೆಂಗಿನ ಹುರಿಯಾದರೆ ಕುಮಟಾ, ಬಾಳೆನಾರಾದರೆ ತೆಂಕಾಶಿ, ಪ್ಲಾಸ್ಟಿಕ್ ದಾರವಾದರೆ ವಸಯಿ. ದಿನಕ್ಕೆ ನೂರೆಂಬತ್ತು ಕಟ್ಟು. ಮೂರು ವರ್ಷಕ್ಕೆ ಸಿಕ್ಕ ಕಪ್ಪೆ ನಲವತ್ತಾರು.

ಈ ಡಬ್ಬಿಗಳನ್ನು ಒಯ್ಯುವವಳು ಖಾರಘರದ ಸಂಶೋಧಕಿ ರಮಿತಾ. ಅಪ್ಪನ ಹೋಟೆಲಿಗೆ ಎಲೆ ಕೊಳ್ಳಲು ಬಂದವಳು ಕಪ್ಪೆಯ ಹಿಂದೆ ಬಿದ್ದಳು. ಹಗ್ಗ ನೋಡಿ ಕಪ್ಪೆಯ ಊರು ಬರೆದುಕೊಳ್ಳುತ್ತಾಳೆ.

೨೦೧೨ರ ಜೂನ್‌ನಲ್ಲಿ ಸಿಕ್ಕ ಒಂದು ಕಂದು ಕಪ್ಪೆ, ಅದುವರೆಗೆ ಸಮುದ್ರದಾಚೆಯ ನೆರೆದೇಶದಲ್ಲಷ್ಟೇ ಕಂಡಿದ್ದ ಜಾತಿ. ಡಬ್ಬಿಯಲ್ಲಿದ್ದದ್ದು ತೆಂಗಿನ ಹುರಿ. ರಮಿತಾ ಎರಡು ವಾರ ಕುಮಟಾದ ತೋಟಗಳನ್ನು ಸುತ್ತಿದಳು. ಒಂದೂ ಕಾಣಲಿಲ್ಲ. ಹಡಗಿನಲ್ಲಿ ಬಂದದ್ದಿರಬಹುದು, ನಮ್ಮ ನೆಲದ್ದೆಂದು ಬರೆಯುವುದು ಬೇಡ ಎಂದರು ಅವಳ ಗುರುಗಳು.

ಆ ದಿನಗಳಲ್ಲೇ ಒಂದು ಕಟ್ಟಿನ ಬಾಳೆನಾರು ಚಂದ್ರಬಾಯಿಯ ಕೈಯಲ್ಲಿ ಪಟ್ಟನೆ ಹರಿಯುತ್ತದೆ. ಕೈ ತಾನಾಗಿ ಸೊಂಟಕ್ಕೆ ಹೋಗಿ, ಅಲ್ಲಿ ಸಿಕ್ಕಿಸಿದ್ದ ಹಳೆಯ ತೆಂಗಿನ ಹುರಿ ಎಳೆದು ಬಿಗಿಯುತ್ತದೆ. ಈಗ ನೋಡಿದರೆ ತೆಂಕಾಶಿಯ ಕಟ್ಟಿಗೆ ಕುಮಟಾದ ಹುರಿ. ಹೀಗೆ ಎಷ್ಟು ಕಟ್ಟು ಬಿಗಿದೆನೋ! ಹೇಳಿದರೆ ಅದುವರೆಗೆ ಕೊಟ್ಟ ಎಲ್ಲ ಹಗ್ಗಗಳ ಮೇಲೂ ಅನುಮಾನ. ಹೇಳದಿದ್ದರೆ ಯಾರಿಗೂ ತಿಳಿಯದು. ಮಧ್ಯಾಹ್ನವೇ ಹಾರ್ಬರ್ ಲೈನ್ ರೈಲು ಹಿಡಿದು ಖಾರಘರಕ್ಕೆ ಹೋಗುತ್ತಾರೆ.

“ಯವ್ವಾ, ನಿನ್ನ ಕುಮಟಾಕ ಓಡ್ಯಾಡಿಸಿದಾಕಿ ನಾನಽ. ನಾರು ಹರದ್ರ ಕೈಗೆ ಸಿಕ್ಕ ಹುರೀಲೆ ಕಟ್ಟತೀನಿ. ಆ ಕಟ್ಟೂ ಹಂಗಽ ಆಗಿರಬೇಕು. ಬೈಯಿ.”

“ಮೌಶಿ, ಇದನ್ನ ಹೇಳ್ಲಿಕ್ಕೆ ಟ್ರೇನ್ ಹಿಡಿದು ಬಂದ್ರಾ? ಫೋನ್ ಮಾಡಿದ್ರೆ ಸಾಕಿತ್ತಲ್ಲ!”

“ತಪ್ಪು ಒಪ್ಪಾಕ ಎದುರಿಗೇ ಬರಬೇಕವ್ವ.”

ನಿಜಕ್ಕೂ ಅನುಮಾನ ಬಿತ್ತು. ತೆಂಗಿನ ಹುರಿಯ ಜೊತೆ ಬಂದಿದ್ದ ಏಳು ಕಪ್ಪೆಗಳನ್ನು ರಮಿತಾ ದಾಖಲೆಯಿಂದ ತೆಗೆದು ಹಾಕಿದಳು. ಆದರೆ ಹರಿದ ನಾರಿನ ಸುಳಿವು ಹಿಡಿದು ಹೋದಾಗ, ಮುಂದಿನ ಮಳೆಗಾಲಕ್ಕೆ ತೆಂಕಾಶಿಯ ಬಾಳೆತೋಟದಲ್ಲಿ ಅದೇ ಜಾತಿಯ ಹನ್ನೊಂದು ಕಂದು ಕಪ್ಪೆ ಸಿಕ್ಕವು. ನಮ್ಮ ದೇಶದಲ್ಲಿ ಮೊದಲ ಬಾರಿಗೆ ಎಂದು ಲೇಖನ ಅಚ್ಚಾಯಿತು. ನಾರು ಹರಿದ ಕಟ್ಟುಗಳನ್ನು ಚಂದ್ರಬಾಯಿ ಈಗ ಬೇರೆಯೇ ಇಡುತ್ತಾರೆ.

ಆ ಕಪ್ಪೆಯನ್ನಿಟ್ಟ ಸಂಗ್ರಹಾಲಯದ ಸೀಸೆಯ ಮೇಲೆ ಅವರ ಹೆಸರೂ ಇರಲಿ ಎಂಬುದು ರಮಿತಾಳ ಹಟ. ಚಂದ್ರಬಾಯಿ ಎಲೆ ಎಣಿಸುವುದನ್ನು ನಿಲ್ಲಿಸುವುದಿಲ್ಲ.

“ಹೆಸರು ಬರಿ, ಬಿಡು, ನಿನ್ನ ಖುಷಿ. ಅದರ ಊರು ನೆಟ್ಟಗ ಬರದಿ ಇಲ್ಲೋ? ನನ್ನ ಮಗಳ ಶಾಲಿ ದಾಖಲ್ಯಾಗ ಹುಟ್ಟಿದೂರು ತಪ್ಪು ಬರದಾರ. ಆರು ವರ್ಷಾತು, ತಿದ್ದಸಾಕ ಇನ್ನೂ ತಿರಗಾಕತ್ತೀನಿ. ಕಪ್ಪೀದಾದ್ರೂ ಸರಿ ಇರ್ಲಿ.”