ಮುಂದಿನ ಆದೇಶದವರೆಗೆ

ಮೊನ್ನೆ ಸೇಡಂ ರಸ್ತೆಯಲ್ಲಿ ನನ್ನ ಹೆಂಡತಿ ಒಂದು ಈಳಿಗೆ ಕೊಂಡಳು. ನಾನು ಪಕ್ಕದಲ್ಲಿ ನಿಂತು, ಅದನ್ನು ಆಟೋದಲ್ಲಿ ಹೇಗೆ ಒಯ್ಯುವುದು, ತಿರುವಿನಲ್ಲಿ ಯಾರ ತೊಡೆಗೆ ತಾಗೀತು, ಧನುರ್ವಾಯುವಿನ ಸೂಜಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದು ಯೋಚಿಸುತ್ತಿದ್ದೆ. ನನ್ನ ಸ್ವಭಾವವೇ ಅಂಥದು. ಬಸ್ಸು ಬರದಿದ್ದರೆ ಬರಲಿಲ್ಲವಲ್ಲ ಎಂಬ ಚಿಂತೆ, ಬಂದರೆ ಬ್ರೇಕು ಸರಿ ಇದೆಯೋ ಇಲ್ಲವೋ ಎಂಬ ಚಿಂತೆ. ಮಾರುವವಳು ರಸ್ತೆಯ ಅಂಚಿಗೆ ಗೋಣಿತಟ್ಟು ಹಾಸಿ ಕೂತಿದ್ದಳು. ಅಲಗನ್ನು ಉಗುರಿನಿಂದ ಟಿಂಗ್ ಎನಿಸಿ, "ಕಮಾನ್ ಪಟ್ಟಿದ ಮಾಲ್ ಅದ ಬಾಯಿ. ನಿಮ್ ಸೊಸಿ ಕಾಲಕ್ಕೂ ಧಾರಿ ಹೋಗಲ್ಲ," ಎಂದಳು.

"ಎಲ್ಲಿಂದ ತರ್ತೀರಿ ಈ ಪಟ್ಟಿ?" ಎಂದು ಕೇಳಿದೆ.

"ಆ ಬಂದ್ ಬಿದ್ದ ಫ್ಯಾಕ್ಟರಿ ಇಲ್ಲೇನ್ರೀ? ಅಲ್ಲಿ ಮಣ್ಣಾಗ ಹುಗದಿರ್ತಾವ, ಕೆದರಿದ್ರ ಸಿಗ್ತಾವ. ಇನ್ನ ಅದೂ ಮುಗೀತ್ರೀ. ಪ್ಲಾಟ್ ಹಾಕ್ಲತ್ತಾರ."

ಆ ಬಂದ್ ಬಿದ್ದ ಫ್ಯಾಕ್ಟರಿಯಲ್ಲಿ ನಾನು ಎಂಟು ವರ್ಷ ಗುಮಾಸ್ತನಾಗಿದ್ದೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಹೇಳದೆ ಉಳಿಸಿಕೊಂಡ ಮಾತುಗಳು ಈಗ ನನ್ನ ಹೊಟ್ಟೆಗೆ ಆಗಿಬರುವುದಿಲ್ಲ.

ಕಮಾನು ಎಂದರೆ ಬೇರೆ ಊರಿನವರಿಗೆ ಬಾಗಿಲ ಮೇಲಿನ ಬಾಗು ನೆನಪಾಗಬಹುದು. ನಮ್ಮ ಕಡೆ ಲಾರಿ, ಜೀಪುಗಳ ಗಾಲಿಯ ಮೇಲೆ ಭಾರ ಹೊರಲಿಕ್ಕೆ ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳಿಗೂ ಅದೇ ಹೆಸರು. ಎಂಬತ್ತರ ದಶಕದಲ್ಲಿ ಊರ ಹೊರಗೆ ಅವನ್ನು ಮಾಡುವ ಕಾರ್ಖಾನೆ ಬಂದಾಗ ಕಲಬುರಗಿಯ ಎದೆ ಎರಡು ಗೇಣು ಉಬ್ಬಿತ್ತು. ಮಾಲೀಕರು ದೂರದ ಊರಿನವರು. ನಾವು 'ಹಿಂದುಳಿದವರು' ಎಂಬ ಕಾರಣಕ್ಕೆ ಸರಕಾರ ಅವರಿಗೆ ನೆಲ ಕೊಟ್ಟಿತು, ತೆರಿಗೆ ಬಿಟ್ಟಿತು. ನಮ್ಮ ಹಿಂದುಳಿದಿರುವಿಕೆಗೆ ಅಷ್ಟು ಮರ್ಯಾದೆ ಅದೇ ಮೊದಲು ಸಿಕ್ಕದ್ದು. ಮುಂಜಾನೆ ಎಂಟಕ್ಕೆ ಭೋಂಗಾ ಕೂಗಿದರೆ ಜಗತ್ತಿನ ಚಹಾದಂಗಡಿಯವರು ಗಡಿಯಾರದ ಮುಳ್ಳು ತಿದ್ದಿಕೊಳ್ಳುತ್ತಿದ್ದರು. ಇಲ್ಲಿ ಜಗತ್ತು ಅಂದರೆ ನಮ್ಮ ಜಗತ್ ಸರ್ಕಲ್ಲು. ಅದರಾಚೆಗಿನದರ ಗೊಡವೆ ನಮಗಿರಲಿಲ್ಲ.

ನನ್ನದು ಹಾಜರಿ ಬರೆಯುವ ಕೆಲಸ. ಕಾರ್ಮಿಕರು ನನಗಿಟ್ಟ ಹೆಸರು 'ಫಿಕರ್ ರಾಯರು'. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಮೂರರಲ್ಲೂ ಚಿಂತೆ ಮಾಡಬಲ್ಲವನಾಗಿದ್ದೆ. ಆ ಹೆಸರಿಟ್ಟವರು ಕಮಲಾಪುರದ ಭೀಮಶಾ. ಭಟ್ಟಿಯ ಮುಂದೆ ನಿಂತು ಕಾದ ಪಟ್ಟಿಯನ್ನು ಹೊರಗೆಳೆದು, ಅಚ್ಚಿನ ಮೇಲೆ ಬಗ್ಗಿಸಿ, ಎಣ್ಣೆಯ ಹೊಂಡಕ್ಕೆ ಇಳಿಸುವ ಕೆಲಸ ಅವರದು. ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯರು. ಆದರೂ ನಾನು ಅವರನ್ನು 'ನೀ' ಅನ್ನುತ್ತಿದ್ದೆ, ಅವರು ನನ್ನನ್ನು 'ರಾಯರ' ಅನ್ನುತ್ತಿದ್ದರು. ಅವರು ಯಾವ ಓಣಿಯವರು, ನಾನು ಯಾವ ಓಣಿಯವನು ಎಂಬುದು ಆ ಎರಡು ಶಬ್ದಗಳಲ್ಲೇ ಇತ್ತು. ಅದರ ಬಗ್ಗೆ ಮಾತ್ರ ನನಗೆ ಆಗ ಯಾವ ಚಿಂತೆಯೂ ಆಗಲಿಲ್ಲ ನೋಡಿ.

ಭಟ್ಟಿಗೆ ಶಾಖ ತೋರಿಸುವ ಮೀಟರು ಇತ್ತು. ಎಂಜಿನಿಯರು ಅದನ್ನು ನೋಡುತ್ತಿದ್ದರು; ಭೀಮಶಾ ಉಕ್ಕನ್ನು ನೋಡುತ್ತಿದ್ದರು. "ಅದು ಇನ್ನೂ ನಮ್ಮೂರ ಕೆಂಪು ಬಾಳಿಹಣ್ಣಿನ ಬಣ್ಣದಾಗ ಅದರೀ ಸರ. ಕಚ್ಚಾ ಅದ. ಸುಲಿದ ಮ್ಯಾಲೆ ಒಳಗ ಹ್ಯಾಂಗ ಕಾಣ್ತದ, ಆ ಬಣ್ಣ ಬರ್ಬೇಕು." ಒಮ್ಮೆ ಎಂಜಿನಿಯರು ಹಟ ಹಿಡಿದು ಮೀಟರಿನ ಮಾತಿನಂತೆ ತೆಗೆಸಿದರು. ಇಡೀ ಪಾಳಿಯ ಮಾಲು ಪರೀಕ್ಷೆಯಲ್ಲಿ ತಿರಸ್ಕೃತವಾಯಿತು. ಅಂದಿನಿಂದ ಎಂಜಿನಿಯರು ಮೊದಲು ಮೀಟರು ನೋಡಿ, ಆಮೇಲೆ ಏನೂ ಆಗದವರಂತೆ ಭೀಮಶಾ ಅವರ ಮುಖ ನೋಡುತ್ತಿದ್ದರು.

ಇಂಥ ಕಾರ್ಖಾನೆ ಯಾಕೆ ಮುಚ್ಚಿತು? ಕೆಲಸ ಕೆಟ್ಟದ್ದಕ್ಕಲ್ಲ, ಕೆಲಸಗಾರರು ಕೆಟ್ಟದ್ದಕ್ಕಲ್ಲ. ರಿಯಾಯಿತಿಯ ಗಡುವು ಮುಗಿಯಿತು, ಅಷ್ಟೇ. ಮತ್ತೊಂದು ರಾಜ್ಯದಲ್ಲಿ ನಮಗಿಂತ ಹೊಸದಾಗಿ ಹಿಂದುಳಿದವರು ಸಿಕ್ಕಿದ್ದರು. ಮೊದಲು ಒಳ್ಳೆಯ ಯಂತ್ರಗಳು 'ರಿಪೇರಿಗೆ' ಎಂದು ಲಾರಿ ಹತ್ತಿದವು. ಹತ್ತಿಸಿದವರು ನಮ್ಮ ಕಾರ್ಮಿಕರೇ, ಆ ಲಾರಿಗಳ ಕೆಳಗಿದ್ದದ್ದು ನಾವೇ ಮಾಡಿದ ಕಮಾನು. ಬಳಿಕ 'ರೋಗಗ್ರಸ್ತ ಘಟಕ' ಎಂಬ ಶಬ್ದ ಬಂತು. ನಾನು ಅದರ ಅರ್ಥ ಬಿಡಿಸಿ ಹೇಳಿದಾಗ ಭೀಮಶಾ ಕೈ ಒರೆಸಿಕೊಳ್ಳುತ್ತ, "ಬೀಮಾರ್ ಇದ್ರ ದವಾಖಾನಿಗಿ ಒಯ್ರಿ. ಉಸಿರಾಡೋರನ್ನ ಸೀದಾ ಮಸಣಕ್ಕ ಯಾಕ ಒಯ್ತೀರಿ?" ಎಂದಿದ್ದರು.

ಈಗ ನನ್ನ ಸರದಿ. ತೊಂಬತ್ತರ ದಶಕದ ಆರಂಭದ ಒಂದು ಸೋಮವಾರ ಮ್ಯಾನೇಜರ್ ಸಾಹೇಬರು ಮಾಲೀಕರಿಂದ ಬಂದ ಇಂಗ್ಲಿಷ್ ಕಾಗದ ನನ್ನ ಮುಂದಿಟ್ಟು, ಕನ್ನಡದಲ್ಲಿ ಬರೆದು ಗೇಟಿಗೆ ಹಚ್ಚು ಅಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕಾಗದದ ಮಾತು ಸ್ಪಷ್ಟವಾಗಿತ್ತು: ಕಾರ್ಖಾನೆಯನ್ನು ಕಾಯಂ ಮುಚ್ಚಲಾಗಿದೆ, ಎಲ್ಲರನ್ನೂ ಕೆಲಸದಿಂದ ತೆಗೆಯಲಾಗಿದೆ. ನಾನು ಪೆನ್ನು ಎತ್ತಿದೆ. ಕಿಟಕಿಯಾಚೆ ಮುನ್ನೂರು ಜನ. ನನ್ನ ಕೋಣೆಯ ಕಿಟಕಿಗೆ ಇದ್ದದ್ದು ಗಾಜು. ಬರೆದೆ: 'ಮುಂದಿನ ಆದೇಶದವರೆಗೆ ಕೆಲಸವನ್ನು ನಿಲ್ಲಿಸಲಾಗಿದೆ.' ಸಾಹೇಬರು ಸಹಿ ಮಾಡಿದರು. ಜನ ಓದಿದರು, ಗೊಣಗಿದರು, ಡಬ್ಬಿ ಎತ್ತಿಕೊಂಡು ಮನೆಗೆ ಹೋದರು. ಒಂದು ಕಲ್ಲೂ ಬೀಳಲಿಲ್ಲ. ಎಂಥ ಚಾಣಾಕ್ಷ ನಾನು ಎಂದು ಆ ದಿನ ಎರಡು ಕಪ್ ಚಹಾ ಕುಡಿದೆ.

ಮುಂದಿನ ಸೋಮವಾರ ಭೀಮಶಾ ಕಮಲಾಪುರದ ಬಸ್ಸಿಳಿದು ಗೇಟಿಗೆ ಬಂದರು. "ಆದೇಶ ಬಂತೇನ್ರೀ ರಾಯರ?" ಇಲ್ಲ ಎಂದೆ. ಅದರ ಮುಂದಿನ ಸೋಮವಾರವೂ ಬಂದರು. ಬರದಿದ್ದರೆ ಗೈರುಹಾಜರಿ ಹಾಕಿಬಿಟ್ಟಾರು ಎಂಬುದು ಅವರ ಭಯ. ಕಡತ ಮುಗಿಸಲಿಕ್ಕೆಂದು ನನ್ನನ್ನು ಇನ್ನೂ ಮೂರು ತಿಂಗಳು ಇಟ್ಟುಕೊಂಡಿದ್ದರು, ಹೀಗಾಗಿ ಪ್ರತಿ ಸೋಮವಾರ ನನ್ನ ಭೆಟ್ಟಿ. ಒಂದು ಸಲ ಅವರು ಹೊಸ ಅಂಗಿ ತೊಟ್ಟು ಬಂದಿದ್ದರು.

"ರಾಯರ, ಬಸ್ ಡಿಪೋದಾಗ ಕಮಾನ್ ಕೆಲಸ ಬಲ್ಲೋರನ್ನ ತಗೊಳ್ಳಲತ್ತಾರಂತ. ಕಾಯಂ ನೌಕರಿ. ನನ್ನ ವಯಸ್ಸಿಗಿ ಇದೇ ಕಡೀ ಸಲ. ಹೋಗ್ಲ್ಯಾ? ಹೋದ್ಮ್ಯಾಲ ಇಲ್ಲಿ ಆದೇಶ ಬಂದ್ರ ಹ್ಯಾಂಗ?"

ಹೇಳಬಹುದಿತ್ತು. 'ಆದೇಶ ಬರೂದಿಲ್ಲ, ಓಡಿ ಹೋಗು' ಅಂದರೆ ಮುಗಿದಿತ್ತು. ಆದರೆ ಹಾಗೆಂದರೆ ಗೇಟಿನ ಮೇಲಿನ ಕನ್ನಡ ಯಾರದು ಎಂಬ ಪ್ರಶ್ನೆ ಬರುತ್ತಿತ್ತು. "ಅವಸರ ಮಾಡಬ್ಯಾಡ ಭೀಮಶಾ, ವಿಚಾರ ಮಾಡು," ಎಂದೆ. ಅವರು ಹೋಗಲಿಲ್ಲ. ನಾನೋ, ಅದೇ ತಿಂಗಳು ಒಂದು ಕಾಲೇಜಿನ ಆಫೀಸಿಗೆ ಅರ್ಜಿ ಹಾಕಿ, ಸಿಕ್ಕ ಕೂಡಲೇ ವಿಚಾರ ಮಾಡದೆ ಸೇರಿಕೊಂಡೆ.

ಈಳಿಗೆ ಕೊಂಡ ಮರುದಿನ, ಹದಿನೈದು ವರ್ಷಗಳ ಮೇಲೆ, ಕಾರ್ಖಾನೆ ನೋಡಲು ಹೋದೆ. ಮಾಡಿನ ತಗಡು ಒಂದೂ ಇಲ್ಲ. ಬರೀ ಕಬ್ಬಿಣದ ಪಕ್ಕೆಲುಬು. ಭಟ್ಟಿಯ ಬಾಯಿಂದ ಜಾಲಿಗಿಡ ಹೊರಗೆ ಬಂದಿದೆ. ಎಣ್ಣೆಯ ಹೊಂಡದಲ್ಲಿ ಮಳೆನೀರು ನಿಂತು ಎಮ್ಮೆಯೊಂದು ಕೊರಳಮಟ ಕೂತಿತ್ತು. ಅಲ್ಲಿ ಸುಖವಾಗಿದ್ದ ಜೀವ ಅದೊಂದೇ. ಹಾಜರಿ ಚೀಟಿ ಇಡುತ್ತಿದ್ದ ಗೂಡುಗಳಲ್ಲಿ ಪಾರಿವಾಳದ ಹಿಕ್ಕೆ. ಬಾಗಿಲು, ಚೌಕಟ್ಟು, ಸಂಡಾಸಿನ ನಲ್ಲಿ, ತಂತಿ, ಏನೆಲ್ಲ ಕಳಚಬಹುದೋ ಎಲ್ಲ ಹೋಗಿವೆ. ಮಣ್ಣು ಕೆದರಿ ಒಂದು ಪಟ್ಟಿ ಒಯ್ದವರನ್ನು ಪೊಲೀಸರು ಕಳ್ಳರು ಅನ್ನುತ್ತಾರೆ. ನೆಲ, ತೆರಿಗೆ, ಎಂಟು ವರ್ಷದ ಬೆವರು ತಿಂದು ಯಂತ್ರ ಹೊತ್ತುಕೊಂಡು ಹೋದವರನ್ನು ಏನನ್ನಬೇಕು? ಅವರಿಗೆ ಉದ್ಯಮಿಗಳು ಎಂದು ಹೆಸರು. ಗೇಟಿನಲ್ಲಿ ಹೊಸ ಬಣ್ಣದ ಹಲಗೆ ನಿಂತಿತ್ತು: 'ಪ್ರಶಾಂತ ವಾತಾವರಣದ ಖಾಲಿ ನಿವೇಶನಗಳು.' ಪ್ರಶಾಂತ! ಖಾಲಿ! ಮುನ್ನೂರು ಜನರನ್ನು ಎಬ್ಬಿಸಿ ಕಳಿಸಿದರೆ ಯಾವ ಜಾಗ ಪ್ರಶಾಂತವಾಗುವುದಿಲ್ಲ ಹೇಳಿ. ಆ ಹಲಗೆಗೆ ಒಂದು ಕಲ್ಲು ಎಸೆದೆ. ತಾಗಲಿಲ್ಲ.

ರವಿವಾರ ಕಮಲಾಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಕೊಡೆ, ನೀರು, ಪಿತ್ತದ ಗುಳಿಗೆ, ಮತ್ತು ಆ ಇಂಗ್ಲಿಷ್ ಕಾಗದದ ಪ್ರತಿ. ನನ್ನಂಥವರು ಯಾವ ಕಾಗದವನ್ನೂ ಎಸೆಯುವುದಿಲ್ಲ, ಓದುವುದೂ ಇಲ್ಲ. ಭೀಮಶಾ ಹೆದ್ದಾರಿಯ ಬದಿ ಒಂದು ಪಂಕ್ಚರ್ ಅಂಗಡಿಯಲ್ಲಿದ್ದರು. ಕೂದಲು ಪೂರಾ ಬಿಳಿ. ತೋಳು ಮಾತ್ರ ಅದೇ.

"ಭೀಮಶಾ, ನಿಮ್ಮ ಕೂಡ ಮಾತಾಡಬೇಕಿತ್ರೀ," ಎಂದೆ.

ಅವರು ಟ್ಯೂಬು ಕೆಳಗಿಟ್ಟು ನಕ್ಕರು. "'ರೀ' ಅನ್ನಲತ್ತೀರಿ? ಏನೋ ದೊಡ್ಡ ತಪ್ಪೇ ಮಾಡ್ಯಾರ ರಾಯರು."

ಹೇಳಿದೆ. ಪೂರ್ತಿ ಹೇಳಿದೆ. ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ. ಅವರು ಹೆದ್ದಾರಿಯ ಲಾರಿಗಳ ಕಡೆ ತಿರುಗಿ ಕೂತರು.

"ಅವತ್ತೇ ಖರೇ ಬರೆದಿದ್ರ ಏನ್ ಆಗ್ತಿತ್ರೀ? ನಾ ಒಂದು ಕಲ್ಲು ಒಗೀತಿದ್ದೆ. ನಿಮ್ಮ ಕಿಡಕಿ ಒಡೀತಿತ್ತು. ಮರುದಿನ ಡಿಪೋಕ್ಕ ಹೋಗ್ತಿದ್ದೆ." ಆಮೇಲೆ ದನಿ ಏರಿತು: "ಒಂದು ಕಿಡಕಿ ಗಾಜು ಉಳಿಸ್ಲಾಕ ನನ್ನ ಹದಿನೈದು ವರ್ಸ ತಗೊಂಡ್ರಿ ನೀವು!"

ಅವರೇ ಮುಂದುವರಿಸಿದರು. ಪ್ಲಾಟು ಹಾಕುವ ಮುಂಚೆ ನಮ್ಮನ್ನೂ ಕೇಳಿ ಎಂದು ಹಳೆಯ ಕಾರ್ಮಿಕರು ಸೇರಿ ಅರ್ಜಿ ಕೊಟ್ಟಿದ್ದರಂತೆ. ಅಧಿಕಾರಿಯೊಬ್ಬರು ಕಡತ ತೆಗೆದು ನೋಡಿ ಹೇಳಿದರಂತೆ: ನಿಮ್ಮನ್ನು ಯಾರೂ ತೆಗೆದಿಲ್ಲ, ಕೆಲಸ ತಾತ್ಕಾಲಿಕವಾಗಿ ನಿಂತಿತ್ತು, ನೀವಾಗಿಯೇ ಬಿಟ್ಟು ಹೋದವರು. ಸಾಕ್ಷಿಗೆ ಗೇಟಿನ ನೋಟಿಸಿನ ಪ್ರತಿ ಇತ್ತು. ನನ್ನ ಅಕ್ಷರ.

"ಬಿಟ್ಟು ಹೋದವ್ರಂತ! ವರ್ಸಗಟ್ಟಲೆ ಸೋಮವಾರ ಗೇಟಿಗಿ ನಿಂತವ ನಾ. ನನಗ ಅವರ ನೆಲ ಬ್ಯಾಡ್ರೀ. 'ಬಿಟ್ಟು ಹೋದವ' ಅಂಬೋ ಮಾತು ನನ್ನ ಹೆಸರಿನ ಮುಂದ ಇರ್ಬಾರ್ದು. ಇಂಗ್ಲಿಷ್ ಕಾಗದ ಅದ ಏನು ನಿಮ್ ಬಲ್ಲಿ?"

"ಇದೆ."

"ಹಂಗಾದ್ರ ಆ ಅಧಿಕಾರಿಗಿ ಖರೇ ಏನಂತ ಬರೀರಿ. ನೀವೇ ಬರೀರಿ. ನೀವೇ ಸಹಿ ಮಾಡ್ರಿ."

ನಾಳೆ ಕಚೇರಿಗೆ ಕರೆಸಿದರೆ? ಸುಳ್ಳು ನೋಟಿಸು ಬರೆದವನು ಎಂದು ಕಾಲೇಜಿನವರೆಗೆ ಸುದ್ದಿ ಹೋದರೆ? ನಿವೃತ್ತಿಗೆ ಇನ್ನು ಕೆಲವೇ ವರ್ಷ. ಅವರು ಕಾಗದ ತರಿಸಿದರು, ಟೈರಿನ ಮೇಲೆ ಹಲಗೆ ಇಟ್ಟು ಮೇಜು ಮಾಡಿದರು. ಒಂದು ತಾಸು ಬರೆದೆ. ಓದಿ ಅಂದರು. ಓದಿದೆ: "ಮಾಲೀಕರ ಆದೇಶದಲ್ಲಿ ಬಹುಶಃ ಕಾಯಂ ಮುಚ್ಚುವ ಉದ್ದೇಶವಿತ್ತೆಂದು…"

"ನಿಂದರ್ರಿ. 'ಬಹುಶಃ' ಅಂದ್ರ?"

"ಅಂದರೆ… ಇರಬಹುದು ಅಂತ."

"ಇತ್ತೋ, ಇರಬಹುದೋ?"

"ಇತ್ತು."

ಅವರು ಬಗ್ಗಿ, ಹಿಂದೆ ಭಟ್ಟಿಯಲ್ಲಿ ಉಕ್ಕು ನೋಡುತ್ತಿದ್ದಂತೆ ನನ್ನ ಮುಖವನ್ನೇ ನೋಡಿದರು. ಇನ್ನೂ ಕಚ್ಚಾ ಎಂದು ಅವರಿಗೆ ಕಂಡಿರಬೇಕು. ನಾನು 'ಬಹುಶಃ'ವನ್ನು ಹೊಡೆದೆ. ಅವರ ಕಣ್ಣು ಕದಲಲಿಲ್ಲ. ಅದೇ ಸಾಲಿನ 'ಮುಚ್ಚುವ ಉದ್ದೇಶವಿತ್ತೆಂದು' ಎಂಬುದನ್ನೂ ಹೊಡೆದು 'ಮುಚ್ಚಲಾಗಿದೆ ಎಂದಿತ್ತು' ಎಂದು ಬರೆದೆ. ಎರಡನೆಯ ಪುಟದಲ್ಲಿ, ನೋಟಿಸು ಬರೆದವರ ಹೆಸರಿರಬೇಕಾದ ಕಡೆ, 'ಕಚೇರಿಯ ಸಿಬ್ಬಂದಿ' ಎಂದಿತ್ತು.

ಅದನ್ನು ಅವರು ಕೇಳುವ ಮೊದಲೇ ಹೊಡೆದು, ನನ್ನ ಪೂರ್ತಿ ಹೆಸರು ಬರೆದೆ.